ನಲವತ್ತೆರಡು ಹೆಜ್ಜೆ

ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಫೋನಿನಲ್ಲಿ ಬಂತು. ಅದರಲ್ಲಿ ಆಶ್ಚರ್ಯವೇನಿಲ್ಲ. ಅವರಿಂದ ನನಗೆ ಬಂದದ್ದೆಲ್ಲ ಫೋನಿನಲ್ಲೇ ಬಂದದ್ದು. ಹನ್ನೆರಡು ವರ್ಷದ ಒಡನಾಟದಲ್ಲಿ ಅವರ ಮುಖ ನೋಡಿದ್ದು ಮೂರೇ ಸಲ, ಮೂರನೆಯ ಸಲ ಅವರನ್ನು ಮನೆ ಮುಂದಿನ ಚಪ್ಪರದ ಕೆಳಗೆ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು, ಕೊರಳಿಗೆ ಹಾರ ಹಾಕಿದ್ದರು. ನನಗೆ ಆ ಮುಖದ ಪರಿಚಯ ಸರಿಯಾಗಿ ಇರಲಿಲ್ಲ. ಒಂದು ಸಲ ಕೆಮ್ಮಿದ್ದರೆ ಗುರುತು ಹಿಡಿಯುತ್ತಿದ್ದೆ.

ಹಾಗೆ ನೋಡಿದರೆ ಅವರು ಮೇಷ್ಟ್ರೇ ಅಲ್ಲ. ದುರ್ಗದ ದೊಡ್ಡ ವಿದ್ಯುತ್ ಸ್ಟೇಷನ್ನಿನಲ್ಲಿ ಹಿರಿಯ ಆಪರೇಟರ್. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಎಲ್ಲಿ ನೋಡಿದರೂ ಬೋರು, ಎಲ್ಲಿ ನೋಡಿದರೂ ಪಂಪ್‌ಸೆಟ್ಟು. ಅದಕ್ಕೆ ತಕ್ಕಂತೆ ಹೋಬಳಿಗಳಲ್ಲಿ ಸಣ್ಣ ಸಣ್ಣ ಸ್ಟೇಷನ್ನುಗಳು ಎದ್ದವು. ಕಟ್ಟಡ ಎದ್ದಷ್ಟು ಬೇಗ ಆಪರೇಟರುಗಳು ತಯಾರಾಗಲಿಲ್ಲ. ಸಿರಿಗೆರೆಯ ಹಾಸ್ಟೆಲಿನಲ್ಲಿ ಉಂಡು, ಐಟಿಐ ಮುಗಿಸಿ, ಮನೆಯ ಫ್ಯೂಸು ಕಟ್ಟಲು ಮಾತ್ರ ಕಲಿತಿದ್ದ ನನ್ನಂಥವರನ್ನು ತಂದು ಹನ್ನೊಂದು ಸಾವಿರ ವೋಲ್ಟಿನ ಮುಂದೆ ಕೂರಿಸಿದರು. ತರಬೇತಿಗೆ ಕಳಿಸಬೇಕೆಂದು ಆದೇಶವೇನೋ ಇತ್ತು. ಕಳಿಸಿದರೆ ಪಾಳಿಗೆ ಕೂರಲು ಜನವಿರಲಿಲ್ಲ. ಆಗ ದುರ್ಗದ ಇಂಜಿನಿಯರೊಬ್ಬರು ಮೇಷ್ಟ್ರನ್ನು ಕರೆದು, ಹೆಂಗೂ ಕ್ಯಾರಿಯರ್ ಫೋನ್ ಐತಲ್ಲ, ಅದರಾಗೇ ಕಲಿಸು ಅಂದರಂತೆ. ಸಾಹೇಬರ ಪಾಲಿಗೆ ಅಲ್ಲಿಗೆ ತರಬೇತಿ ಮುಗಿದಿತ್ತು.

ಕ್ಯಾರಿಯರ್ ಅಂದರೆ ಇಲಾಖೆಯ ಸ್ವಂತ ಫೋನು. ಕರೆಂಟು ಹರಿಯುವ ತಂತಿಯ ಮೇಲೆಯೇ ಮಾತೂ ಹರಿಯುತ್ತದೆ. ಹಿರಿಯೂರು ಕಡೆ, ಹೊಸದುರ್ಗ ಕಡೆ, ಹೊಳಲ್ಕೆರೆ ಕಡೆಯ ಸ್ಟೇಷನ್ನುಗಳೆಲ್ಲ ಒಂದೇ ಲೈನಿನಲ್ಲಿದ್ದವು. ಒಬ್ಬ ಮಾತಾಡಿದರೆ ಎತ್ತಿಕೊಂಡವರಿಗೆಲ್ಲ ಕೇಳುತ್ತಿತ್ತು. ದಿನಾ ಮಧ್ಯಾಹ್ನ ಮೂರು ಗಂಟೆಗೆ ಅವರು ಎಲ್ಲರಿಗೂ ರಿಂಗ್ ಕೊಡುತ್ತಿದ್ದರು. ಅದೇ ನಮ್ಮ ಶಾಲೆ. ಅವರು ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಸ್ಟೇಷನ್ನಿನ ಮೇಲೇ ಕರೆಯುತ್ತಿದ್ದರು. ನನ್ನದು ಹೊಳಲ್ಕೆರೆ ಕಡೆಯ ಒಂದು ಸ್ಟೇಷನ್ನು, ಹೆಸರು ಹೇಳುವುದು ಬೇಡ. ಲೈನಿನ ಕೊನೆಯಲ್ಲಿದ್ದದ್ದರಿಂದ ನಾನು ‘ಕೊನೇದು’ ಆದೆ. ‘ಏನಪ್ಪ ಕೊನೇದು, ಎಚ್ಚರಿದ್ದೀಯಾ?’ ಎನ್ನುವುದು ಹಾಜರಿ ಕೂಗಿದ ಹಾಗೆ. ಎಚ್ಚರಿರದಿದ್ದರೆ ಹ್ಯಾಂಡ್‌ಸೆಟ್ ಎತ್ತುವವರು ಯಾರೆಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲ ದಿನದ ಪಾಠ ನನಗಿನ್ನೂ ನೆನಪಿದೆ. ಕಂಟ್ರೋಲ್ ರೂಮಿನ ಬಾಗಿಲಿಂದ ಹೊರಗೆ ಯಾರ್ಡಿನಲ್ಲಿರುವ, ಲೈನು ಬೇರ್ಪಡಿಸುವ ಐಸೋಲೇಟರಿಗೆ ಎಷ್ಟು ಹೆಜ್ಜೆ ಎಂದು ಕೇಳಿದರು. ಸುಮಾರು ನಲವತ್ತು ಸಾರ್, ಅಂದೆ.

‘ಸುಮಾರು ಅನ್ನೋ ಹೆಜ್ಜೆನ ಯಾವ ಕಾಲಾಗೆ ಇಡ್ತಾರಪ್ಪ? ಫೋನ್ ಕೆಳಗಿಡು. ಕಟ್ ಮಾಡಬೇಡ. ಎಣಿಸ್ಕೊಂಡು ಬಾ, ನಾನು ಕಾಯ್ತೀನಿ.’

ಹೋಗಿ ಬಂದೆ. ನಲವತ್ತೆರಡು. ಅದನ್ನು ಅವರು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಾಗೆ ಒಂದೊಂದು ಸ್ಟೇಷನ್ನಿನ ಬಾಗಿಲು, ಬ್ಯಾಟರಿ ರೂಮು, ಟ್ರಾನ್ಸ್‌ಫಾರ್ಮರು, ಗೇಟು, ಎಲ್ಲದರ ಹೆಜ್ಜೆಯೂ ಅವರಲ್ಲಿತ್ತು. ಅವುಗಳಲ್ಲಿ ಒಂದನ್ನೂ ಅವರು ಕಣ್ಣಲ್ಲಿ ಕಂಡಿರಲಿಲ್ಲ. ದುರ್ಗದ ಪಾಳಿ ಬಿಟ್ಟು ಬರಲು ಅವರಿಗೂ ರಜ ಸಿಗುತ್ತಿರಲಿಲ್ಲ.

ಅವರು ಉತ್ತರ ಹೇಳಿಕೊಟ್ಟದ್ದು ಕಡಿಮೆ. ಏನು ಕಾಣ್ತೈತೆ ಹೇಳು, ಎಂದು ಕೇಳುತ್ತಿದ್ದರು. ಮೀಟರಿನ ಮುಳ್ಳು ಎಲ್ಲಿದೆ, ಎಣ್ಣೆಯ ಬಣ್ಣ ಚಹಾದ ಹಾಗಿದೆಯೋ ಕಾಫಿಯ ಹಾಗಿದೆಯೋ, ಬ್ಯಾಟರಿ ರೂಮಿನ ಬಾಗಿಲು ತೆಗೆದರೆ ಮೂಗಿಗೆ ಏನು ಬಡಿಯುತ್ತದೆ. ಒಮ್ಮೆ ನಾನು ಟ್ರಾನ್ಸ್‌ಫಾರ್ಮರು ಯಾಕೋ ಗೊಣಗುತ್ತಿದೆ ಅಂದಾಗ, ಹ್ಯಾಂಡ್‌ಸೆಟ್ಟನ್ನು ಕಿಟಕಿಯ ಸರಳಿಗೆ ಹಿಡಿಯಲು ಹೇಳಿ ತಾವೇ ಐದು ನಿಮಿಷ ಕೇಳಿದರು. ಕೇಳಿ, ಮೈ ಮೇಲೆ ಎಲ್ಲೋ ಒಂದು ಬೋಲ್ಟು ಸಡಿಲ ಆಗೈತೆ, ಲೈನ್ ಬಂದ್ ಇದ್ದಾಗ ನೋಡು, ಅಂದರು. ಎರಡು ದಿನ ಬಿಟ್ಟು ನೋಡಿದರೆ ರೇಡಿಯೇಟರಿನ ಹಿಂದೆ ಸಡಿಲವಾಗಿಯೇ ಇತ್ತು. ನಾನು ಖುಷಿಯಿಂದ ವರದಿ ಒಪ್ಪಿಸಿದರೆ ‘ಹೂಂ, ಇಡು’ ಅಂದರು. ಅವರಿಂದ ಸಿಗುತ್ತಿದ್ದ ಅತಿ ದೊಡ್ಡ ಶಹಬ್ಬಾಸ್‌ಗಿರಿ ಅಷ್ಟೇ. ಆ ಎರಡು ಮಾತಿಗಾಗಿ ನಾವು ಬೇಸಿಗೆಯಲ್ಲಿ ಬರಿಗಾಲಲ್ಲಿ ಯಾರ್ಡು ಸುತ್ತಲೂ ಸಿದ್ಧರಿದ್ದೆವು.

ಬರಿಗಾಲಲ್ಲಿ ಸುತ್ತುವುದು ಸಾಧ್ಯವಿರಲಿಲ್ಲ ಅನ್ನುವುದು ಬೇರೆ ಮಾತು. ಯಾರ್ಡಿನ ತುಂಬ ಚೂಪು ಜಲ್ಲಿ ಹಾಸಿರುತ್ತಾರೆ. ಮೇಷ್ಟ್ರ ಇಡೀ ವಿದ್ಯೆ ನಿಂತದ್ದು ಆ ಜಲ್ಲಿಯ ಮೇಲೆ. ‘ಹೋಗಿ ನೋಡ್ಕೊಂಡು ಬಾ’ ಎಂದು ಹೇಳಿ ಅವರು ಫೋನಿಗೆ ಕಿವಿಗೊಟ್ಟು ಕೂರುತ್ತಿದ್ದರು. ಹುಡುಗ ಹೊರಗೆ ಹೋದನೋ ಇಲ್ಲವೋ ಎಂಬುದು ಅವರಿಗೆ ಜಲ್ಲಿಯ ಸದ್ದಿನಿಂದ ಗೊತ್ತಾಗುತ್ತಿತ್ತು. ಕ್ಲಾಸು ಶುರುವಾದ ಹೊಸತರಲ್ಲಿ ಐವತ್ತಾರು ಹೆಜ್ಜೆಯ ಯಾರ್ಡಿನ ಒಬ್ಬ ಹೊಸಬ ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಎಲ್ಲಾ ಸರಿ ಐತೆ ಸಾರ್ ಅಂದ. ಹತ್ತು ಹೆಜ್ಜೆ ಕೇಳಿಸ್ತು, ಉಳಿದ ನಲವತ್ತಾರು ಹಾರ್ಕಂಡು ಹೋದ್ಯಾ, ಎಂದು ಇವರು ಕೇಳಿಯೇಬಿಟ್ಟರು. ಲೈನಿನಲ್ಲಿದ್ದ ನಾವೆಲ್ಲ ನಕ್ಕೆವು. ಆ ಹುಡುಗ ಮರುದಿನದಿಂದ ಮೂರು ಗಂಟೆಗೆ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಸ್ವಲ್ಪ ದಿನದಲ್ಲಿ ರಾಜೀನಾಮೆ ಬರೆದುಕೊಟ್ಟು ಬೇರೆ ಕೆಲಸಕ್ಕೆ ಹೋದ. ಆಮೇಲೆ ಮೇಷ್ಟ್ರು ಯಾರನ್ನೂ ಹಾಗೆ ಎಲ್ಲರೆದುರು ಹಿಡಿದದ್ದು ನಾನು ಕೇಳಲಿಲ್ಲ.

ನಾವು ಪಾಠ ಕಲಿತೆವು. ಯಾವ ಪಾಠ ಅನ್ನುವುದನ್ನು ಈಗ ಹೇಳಬೇಕು.

ಆ ಕಾಲದ ಸಣ್ಣ ಸ್ಟೇಷನ್ನುಗಳಲ್ಲಿ ನಾಲ್ಕು ಊರಿನ ಲೈನುಗಳಿಗೆ ಒಂದೇ ಬ್ರೇಕರ್ ಇರುತ್ತಿತ್ತು, ಅಂದರೆ ಕರೆಂಟು ಕಡಿಯುವ, ಲೈನಿಗೆ ಏನಾದರೂ ತಗುಲಿದರೆ ತಾನೇ ಬೀಳುವ ದೊಡ್ಡ ಸ್ವಿಚ್ಚು. ಒಂದು ಲೈನಿನಲ್ಲಿ ಲೈನ್‌ಮನ್ ಕೆಲಸ ಮಾಡಬೇಕಾದರೆ, ಮೊದಲು ಬ್ರೇಕರ್ ಕೆಡವಿ, ಯಾರ್ಡಿಗೆ ಹೋಗಿ ಆ ಲೈನಿನ ಐಸೋಲೇಟರಿನ ಹಿಡಿ ಎಳೆಯಬೇಕು. ಮೇಲೆ ಮೂರು ಬ್ಲೇಡುಗಳು ಬಾಯಿ ಬಿಡುತ್ತವೆ, ಆ ಲೈನು ಬೇರೆಯಾಗುತ್ತದೆ. ಆಮೇಲೆ ಲೈನ್‌ಮನ್ನಿಗೆ ‘ಲೈನ್ ಕ್ಲಿಯರ್’ ಚೀಟಿ ಕೊಟ್ಟು, ಉಳಿದ ಊರುಗಳಿಗೆ ಮತ್ತೆ ಕರೆಂಟು ಬಿಡಬೇಕು. ಕಂಬ ಹತ್ತಿದವನ ಜೀವ ಆ ಮೂರು ಬ್ಲೇಡುಗಳ ಮೇಲೆ. ಆದ್ದರಿಂದ ಹೊಸ ಆಪರೇಟರುಗಳು ಪ್ರೊಬೇಷನ್ ಮುಗಿಯುವ ತನಕ ಮೇಷ್ಟ್ರ ‘ಹೂಂ’ ಇಲ್ಲದೆ ಚೀಟಿ ಕೊಡಬಾರದು ಎಂದು ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದರು. ಮೇಷ್ಟ್ರ ಕ್ರಮ ಇಷ್ಟು. ಹಿಡಿ ಎಳೆದು ಬಂದು ಫೋನ್ ಮಾಡಿದ ಮೇಲೂ ಇನ್ನೊಂದು ಸಲ ಹೋಗಬೇಕು. ಕೆಳಗೆ ನಿಂತು, ಬೆರಳು ಮಾಡಿ, ಒಂದು, ಎರಡು, ಮೂರು ಎಂದು ಬ್ಲೇಡು ಎಣಿಸಿ ಬರಬೇಕು. ಕೈ ಎಳೆದಿದ್ದನ್ನ ಕಣ್ಣು ನೋಡಿರಲ್ಲ, ಅನ್ನುತ್ತಿದ್ದರು.

ಒಂದು ಮೇ ತಿಂಗಳ ಮಧ್ಯಾಹ್ನ, ಜಲ್ಲಿ ಕಾದ ಹಂಚಿನ ಹಾಗಿದ್ದಾಗ, ನನಗೆ ಈಗ ತಾನೇ ಎಳೆದು ಬಂದದ್ದಕ್ಕೆ ಮತ್ತೆ ಯಾಕೆ ಹೋಗಬೇಕು ಅನ್ನಿಸಿತು. ಹೋಗದಿದ್ದರೆ ಅವರಿಗೆ ಗೊತ್ತಾಗುತ್ತದೆ. ಬಾಗಿಲ ಹೊರಗೆ ನೆರಳಿನಲ್ಲೂ ಜಲ್ಲಿಯಿತ್ತು. ಅಲ್ಲೇ ನಿಂತು ನಲವತ್ತೆರಡು ಸಲ ಕಾಲು ಎತ್ತಿ ಇಟ್ಟೆ. ಸ್ವಲ್ಪ ತಡೆದು ಮತ್ತೆ ನಲವತ್ತೆರಡು. ಒಳಗೆ ಬಂದು ಏದುಸಿರು ಬಿಟ್ಟು, ಮೂರೂ ಬಾಯಿ ಬಿಟ್ಟವೆ ಮೇಷ್ಟ್ರೇ, ಅಂದೆ. ಆ ಕಡೆ ಒಂದು ಗಳಿಗೆ ಮೌನ. ‘ಹೂಂ, ಇಡು.’

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆಮೇಲೆ ಅದೇ ಅಭ್ಯಾಸವಾಯಿತು. ನಾನು ಅದನ್ನು ಜಾಣತನ ಅಂದುಕೊಂಡಿದ್ದೆ.

ಆರನೆಯದೋ ಏಳನೆಯದೋ ಸಲ ಚೀಟಿ ಕೇಳಿ ಬಂದವನು ತಾಳ್ಯದ ಕಡೆಯ ಒಬ್ಬ ಲೈನ್‌ಮನ್. ನನಗಿಂತ ಎರಡು ವರ್ಷ ದೊಡ್ಡವನು, ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬಾಗಿಲಲ್ಲಿ ನಿಂತು, ಜಲ್ದಿ ಕೊಡ್ರಿ, ಮಳೆ ಮೋಡ ಐತೆ, ಅಂದ. ನಾನು ಬ್ರೇಕರ್ ಕೆಡವಿ, ಹಿಡಿ ಎಳೆದು, ಫೋನ್ ಎತ್ತಿದೆ. ಹೋಗಿ ನೋಡ್ಕೊಂಡು ಬಾ, ಅಂದರು ಮೇಷ್ಟ್ರು. ನಾನು ನಿಂತಲ್ಲೇ ಕಾಲು ಕುಟ್ಟುವುದನ್ನು ಆ ಲೈನ್‌ಮನ್ ನೋಡಲಿಲ್ಲ, ಅವನು ಗೇಟಿನ ಹತ್ತಿರ ಹಗ್ಗ ಸುತ್ತುತ್ತಿದ್ದ. ಬಂದು ಮೂರು ಅಂದೆ. ಈ ಸಲದ ಮೌನ ತುಸು ಉದ್ದವಿತ್ತು. ಆಮೇಲೆ ಹೂಂ ಬಂತು. ಚೀಟಿ ಕೊಟ್ಟೆ. ಅವನು ಹೋದ ಮೇಲೆ ಉಳಿದ ಊರುಗಳಿಗೆ ಕರೆಂಟು ಬಿಟ್ಟೆ.

ಮುಕ್ಕಾಲು ಗಂಟೆಯ ನಂತರ ಬ್ರೇಕರ್ ತಾನಾಗಿ ಬಿತ್ತು. ಅವತ್ತು ನಾನು ನಲವತ್ತೆರಡು ಹೆಜ್ಜೆಯನ್ನು ನಿಜವಾಗಿ ನಡೆದೆ, ನಡೆಯಲಿಲ್ಲ, ಓಡಿದೆ. ಕತ್ತೆತ್ತಿ ಬೆರಳು ಮಾಡಿದೆ. ಎರಡು ಬ್ಲೇಡು ಬಿಟ್ಟಿದ್ದವು. ಮೂರನೆಯದು ಕಚ್ಚಿಕೊಂಡೇ ಇತ್ತು.

ಒಳಗೆ ಬಂದರೆ ಫೋನ್ ಹೊಡೆದುಕೊಳ್ಳುತ್ತಿತ್ತು, ದುರ್ಗದ ಮೀಟರಿನಲ್ಲೂ ಅದು ಕಂಡಿರಬೇಕು. ಏನು ಕಾಣ್ತೈತೆ ಹೇಳು, ಅಂದರು ಮೇಷ್ಟ್ರು. ಹೇಳಿದೆ. ಆಮೇಲೆ ಅದನ್ನು ಮುಟ್ಟಬೇಡ, ಹಂಗೇ ಇರಲಿ, ಎಂದು ಹೇಳಿ ಅವರೇ ಇಟ್ಟರು.

ಲೈನ್‌ಮನ್ ಸಾಯಲಿಲ್ಲ. ತಂತಿಯನ್ನು ಭೂಮಿಗೆ ಕಟ್ಟಿಕೊಂಡು ಕೆಲಸ ಮಾಡಬೇಕಿತ್ತು ಎಂದು ಆಮೇಲೆ ಹಲವರು ಹೇಳಿದರು. ಹಾಗೆ ಕಟ್ಟುವ ಕೋಲು ಅವರ ಸೆಕ್ಷನ್ನಿಗೆ ಇದ್ದದ್ದು ಒಂದೇ, ಅವತ್ತು ಇನ್ನೊಂದು ಊರಿಗೆ ಹೋಗಿತ್ತು. ಅವನ ಬಲಗೈಯನ್ನು ಮೊಣಕೈ ಮೇಲೆ ತೆಗೆದರು.

ವಿಚಾರಣೆಗೆ ದುರ್ಗಕ್ಕೆ ಕರೆಸಿದರು. ಕಚೇರಿಯ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬರು ಬಂದು ಕುಳಿತರು. ಸಣ್ಣಗೆ, ಕುಳ್ಳಗೆ, ಹವಾಯಿ ಚಪ್ಪಲಿ, ಹೆಗಲ ಮೇಲೆ ಟವೆಲು. ಯಾರೋ ಪಿಂಚಣಿಗೆ ಅಲೆಯುವವರು ಅಂದುಕೊಂಡೆ. ಮೇಷ್ಟ್ರನ್ನು ನಾನು ಎತ್ತರದ, ಮೀಸೆಯ ಆಳು ಎಂದು ಕಲ್ಪಿಸಿಕೊಂಡಿದ್ದೆ. ಅವರು ಕೆಮ್ಮಿದರು. ನಾನು ಎದ್ದು ನಿಂತೆ. ‘ಕೊನೇದೇನಪ್ಪ?’ ಅಂದರು. ಊಟ ಆಯ್ತಾ ಎಂದು ಕೇಳಿದರು. ಅಷ್ಟರಲ್ಲಿ ಅವರನ್ನು ಒಳಗೆ ಕರೆದರು.

ಅರ್ಧ ಬಾಗಿಲಿನ ಆಚೆಯಿಂದ ಅವರ ದನಿ ಫೋನಿನಲ್ಲಿ ಕೇಳಿದ ಹಾಗೇ ಕೇಳುತ್ತಿತ್ತು. ‘ನೋಡ್ಕೊಂಡು ಬಾ ಅಂತ ನಾನು ಹೇಳಲಿಲ್ಲ ಸಾರ್. ಆತುರದಾಗಿದ್ದೆ. ಹೂಂ ಅಂದುಬಿಟ್ಟೆ.’

ಆಮೇಲೆ ನನ್ನನ್ನು ಕರೆದರು. ಇವರು ಹೇಳಿದ್ದು ನಿಜವೇನಯ್ಯ ಎಂದು ಕೇಳಿದರು. ನನ್ನ ಪ್ರೊಬೇಷನ್ ಮುಗಿಯಲು ನಾಲ್ಕು ತಿಂಗಳಿತ್ತು, ನನ್ನನ್ನು ಮನೆಗೆ ಕಳಿಸಲು ಒಂದು ಕಾಗದ ಸಾಕಿತ್ತು. ಮೇಷ್ಟ್ರು ಗೋಡೆಯ ಕಡೆ ನೋಡುತ್ತ ನಿಂತಿದ್ದರು. ಹೌದು ಸಾರ್, ಅಂದೆ. ಆ ಲೈನಿನಲ್ಲಿ ಅವತ್ತು ಇನ್ನಿಬ್ಬರು ಕೇಳಿಸಿಕೊಳ್ಳುತ್ತಿದ್ದರು. ಅವರನ್ನು ಯಾರೂ ಕರೆಸಲಿಲ್ಲ, ಅವರೂ ಬಾಯಿ ಬಿಡಲಿಲ್ಲ.

ಮೇಷ್ಟ್ರನ್ನು ಫೋನಿನಿಂದ ಎಬ್ಬಿಸಿ ಸಾಮಾನಿನ ಗೋದಾಮಿಗೆ ಹಾಕಿದರು. ಬಡ್ತಿ ನಿಂತಿತು. ಫೋನಿನಲ್ಲಿ ಪಾಠ ಹೇಳಕೂಡದು ಎಂದು ಒಂದು ಸುತ್ತೋಲೆ ಬಂತು. ಹೇಳಿಸಿದ್ದ ಸಾಹೇಬರೇ ಅದಕ್ಕೆ ಸಹಿ ಹಾಕಿದ್ದರು. ಮರುದಿನ ಮೂರು ಗಂಟೆಗೆ ಅಭ್ಯಾಸಬಲದಿಂದ ನಾನು ಹ್ಯಾಂಡ್‌ಸೆಟ್ ಎತ್ತಿದೆ. ಲೈನಿನಲ್ಲಿ ಯಾರೋ ಉಸಿರಾಡುತ್ತಿದ್ದರು, ಒಬ್ಬರಲ್ಲ, ಮೂರು ನಾಲ್ಕು ಜನ. ಎಲ್ಲರೂ ಅಭ್ಯಾಸಕ್ಕೆ ಎತ್ತಿದವರೇ. ಒಬ್ಬೊಬ್ಬರೇ ಇಟ್ಟರು.

ಅವರನ್ನು ಎರಡನೆಯ ಸಲ ನೋಡಿದ್ದು ಅವರು ನಿವೃತ್ತರಾದ ಮೇಲೆ. ಆ ಹೊತ್ತಿಗೆ ನಾನು ಕಾಯಂ ಆಗಿದ್ದೆ. ಅಳಿದೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಹೊಸಬರಿಗೆ ಹಿರಿಯನೂ ಆಗಿದ್ದೆ. ಕೋಟೆಯ ಕಡೆಯ ಓಣಿಯಲ್ಲಿ ಅವರ ಮನೆ. ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. ನಾನು ಅಡ್ಡಬಿದ್ದು ಎಲ್ಲವನ್ನೂ ಹೇಳಿದೆ, ಬಾಗಿಲಲ್ಲಿ ಕಾಲು ಕುಟ್ಟಿದ್ದನ್ನು. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

‘ಗೊತ್ತಿತ್ತು ಬಿಡು. ಹೋಗೋನ ಸದ್ದು ಸಣ್ಣಕಾಗ್ತಾ ಹೋಗ್ತೈತೆ, ಬರೋನ ಸದ್ದು ದೊಡ್ಡಕಾಗ್ತಾ ಬರ್ತೈತೆ. ನಿಂದು ನಿಂತಲ್ಲೇ ನಿಂತಿತ್ತು.’

ಮತ್ತೆ ಯಾಕೆ ಹೂಂ ಅಂದಿರಿ ಎಂದು ನಾನು ಕೇಳಬೇಕಾಗಲಿಲ್ಲ. ಅವರೇ ಹೇಳಿದರು. ಹಿಂದೆ ಒಬ್ಬನನ್ನು ಎಲ್ಲರ ಮುಂದೆ ಅಂದದ್ದಕ್ಕೆ ಅವನು ಕೆಲಸವನ್ನೇ ಬಿಟ್ಟ. ಲೈನಿನಲ್ಲಿ ಅವತ್ತೂ ಇಬ್ಬರಿದ್ದರು, ಇವನ ಮಾನ ಯಾಕೆ ತೆಗೆಯಲಿ, ಆಮೇಲೆ ಒಬ್ಬನೇ ಇದ್ದಾಗ ಹೇಳೋಣ ಅಂದುಕೊಂಡರಂತೆ. ಆ ಆಮೇಲೆ ಅನ್ನುವುದು ಬರಲಿಲ್ಲ. ಹಾಗಾಗಿ ತಾವು ವಿಚಾರಣೆಯಲ್ಲಿ ಹೇಳಿದ್ದು ಪೂರಾ ಸುಳ್ಳೇನಲ್ಲ, ಗೊತ್ತಿದ್ದೂ ಹೂಂ ಅಂದದ್ದು ತಾವೇ, ಅಂದರು.

‘ನೋಡೋದನ್ನ ಕಲಿಸ್ತೀನಿ ಅಂದ್ಕಂಡಿದ್ದೆ ಕಣಪ್ಪ. ನಿಮಗೆ ನಾನು ಸದ್ದು ಮಾಡೋದನ್ನ ಕಲಿಸಿದೆ. ದೂರ ಕುಂತು ಕಲಿಸಿದ್ರೆ ಇಷ್ಟೇ ಆಗದೇನೋ.’

ಆಸ್ಪತ್ರೆಗೆ ಆ ಲೈನ್‌ಮನ್ನನ್ನು ನೋಡಲು ಹೋಗಿದ್ದರಂತೆ. ಅವನ ತಾಯಿ ಬಾಗಿಲಲ್ಲೇ ಮಣ್ಣು ತೂರಿ ಶಾಪ ಹಾಕಿದಳಂತೆ. ಅದನ್ನೂ ಊಟದ ಸುದ್ದಿ ಹೇಳಿದ ಹಾಗೆ ಹೇಳಿದರು. ನಾನು ಹೊರಡುವಾಗ ಒಂದು ಮಾತು ಅಂದರು. ‘ನನ್ನ ತಾವ ಹೇಳಿದ್ದಾಯ್ತು. ಅವನ ತಾವ ಹೇಳಿದ್ಯೇನು? ಹೋಗು. ನೋಡ್ಕೊಂಡು ಬಾ.’

ಹೋಗುತ್ತೇನೆ ಅಂದೆ. ಹೋಗಲಿಲ್ಲ. ಇವತ್ತು ಪಾಳಿ, ನಾಳೆ ಹಬ್ಬ. ಸತ್ಯ ಹೇಳಬೇಕೆಂದರೆ ಹೆದರಿಕೆ. ಅವನಿಗೆ ಕಚೇರಿಯಲ್ಲಿ ಫೈಲು ಹೊರುವ ಕೆಲಸ ಕೊಟ್ಟಿದ್ದರು. ದೂರದಿಂದ ಕಂಡರೆ ನಾನು ಅಡ್ಡ ಓಣಿ ಹಿಡಿಯುತ್ತಿದ್ದೆ. ಅಷ್ಟರಲ್ಲಿ ಎಲ್ಲರ ಮನೆಗೂ ಫೋನು ಬಂದಿತ್ತು, ಆಮೇಲೆ ಜೇಬಿಗೂ ಬಂತು. ಮೇಷ್ಟ್ರು ವರ್ಷಕ್ಕೊಂದೆರಡು ಸಲ ಫೋನ್ ಮಾಡುತ್ತಿದ್ದರು, ಮೂರು ಗಂಟೆಗೇ. ಹೋಗಿದ್ಯಾ ಎಂದು ಕೇಳುತ್ತಿದ್ದರು. ನಾಲ್ಕನೆಯ ಸಲವೋ ಐದನೆಯ ಸಲವೋ, ನಾನು ಹೋಗಿ ಬಂದೆ ಮೇಷ್ಟ್ರೇ, ಅಂದುಬಿಟ್ಟೆ. ಏನಂದ ಎಂದು ಕೇಳಿದರು. ಏನೂ ಅನ್ನಲಿಲ್ಲ, ಸುಮ್ಮನಿದ್ದ, ಅಂದೆ.

ಆ ಮೌನ ನನಗೆ ಗೊತ್ತಿತ್ತು. ಎಷ್ಟೋ ಹೊತ್ತಾದ ಮೇಲೆ, ‘ಹೂಂ, ಇಡು’ ಅಂದರು. ಆಮೇಲೆ ಅವರು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಎರಡು ವರ್ಷ ಬಿಟ್ಟು ಅವರ ಮಗಳು ಮಾಡಿದಳು.

ಮಣ್ಣಿಗೆ ಹಳೆಯ ಆಪರೇಟರುಗಳು ಹಿರಿಯೂರಿಂದ, ಹೊಸದುರ್ಗದಿಂದ ಬಂದಿದ್ದರು. ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಮಾತಾಡಿದ ಮೇಲೆ, ಓ ನೀನಾ, ಎಂದು ಕೈ ಹಿಡಿದುಕೊಂಡೆವು. ಆ ಗುಂಪಿನಲ್ಲಿ ಮೊಂಡುಗೈ ಒಂದನ್ನು ನಾನು ಹುಡುಕುತ್ತಿದ್ದೆ. ಅವನು ಬಂದಿರಲಿಲ್ಲ.

ಮರುದಿನ ತಾಳ್ಯದ ಬಸ್ಸು ಹತ್ತಿದೆ. ಅವನು ಮನೆಯ ಜಗಲಿಯ ಮೇಲಿದ್ದ. ಬರ್ರಿ, ಕುಂತ್ಕಳ್ರಿ, ಅಂದ. ಅವನ ಹೆಂಡತಿ ಚಹಾ ತಂದಳು, ಅವನು ಎಡಗೈಯಲ್ಲಿ ಲೋಟ ಹಿಡಿದ. ಅದು ಆರುವ ಮುಂಚೆ ನಾನು ಹೇಳಿ ಮುಗಿಸಿದೆ. ಮೇಷ್ಟ್ರು ನೋಡಿ ಬಾ ಅಂದಿದ್ದರು, ನಾನು ಹೋಗಲಿಲ್ಲ, ಅವರು ನನಗಾಗಿ ಸುಳ್ಳು ಹೇಳಿದರು, ನಾನು ಹೌದು ಅಂದೆ. ಅವನು ಎದ್ದು ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆಯಲಿ ಎಂದೇ ಹೋಗಿದ್ದೆ. ಅವನು ಲೋಟವನ್ನು ನಿಧಾನಕ್ಕೆ ಕೆಳಗಿಟ್ಟ.

‘ನಿನ್ನೆ ಆಫೀಸಿನೋರು ಗಾಡಿ ಮಾಡಿದ್ರು, ಮಣ್ಣಿಗೆ ಬಾ ಅಂದ್ರು. ನನ್ನ ಕೈ ತಿಂದೋನ ಮಣ್ಣಿಗೆ ನಾನ್ಯಾಕೆ ಬರ್ಲಿ ಅಂದೆ. ಎಲ್ಲಾರ ಮುಂದೆ ಅಂದೆ.’ ಲೋಟವನ್ನು ಬೆರಳಿನಿಂದ ಆಚೆ ಸರಿಸಿದ. ‘ಕೈ ಹೋಗಿದ್ದು ಹೋತು ಬಿಡ್ರಿ. ಒಂದು ಹಿಡಿ ಮಣ್ಣು ಹಾಕದಂಗೆ ಮಾಡಿದ್ರಲ್ಲ.’

ಅವನ ಹೆಂಡತಿ ಒಳಗೆ ಹೋದಳು. ನಾನು ಎದ್ದೆ.

ಬಸ್ ನಿಲ್ಲುವ ಜಾಗಕ್ಕೆ ನಡೆಯುತ್ತ ನಾನು ಹಳೆಯ ಅಭ್ಯಾಸಕ್ಕೆ ಎಣಿಸತೊಡಗಿದ್ದೆ. ಅವನ ಜಗಲಿಯಿಂದ ರಸ್ತೆಗೆ ನೂರಾ ಹದಿನೆಂಟು ಹೆಜ್ಜೆ. ಮೇಷ್ಟ್ರು ಬದುಕಿದ್ದ ಅಷ್ಟೂ ವರ್ಷ ನಾನು ನಡೆಯದೆ ಇದ್ದದ್ದು ಅಷ್ಟು ದೂರ.